ಓದುಗರ ಪ್ರಶ್ನೆ: ಇರುವೆಯ ಹೆಸರು ಹೇಳಲು ಡಿಎನ್‌ಎ ಸಾಕೇ?

ಮುಂಗಾರು ಶುರುವಾದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇರುವೆಗಳದೇ ಮೇಲುಗೈ. ಈ ಸಲ ಅವುಗಳಲ್ಲಿ ಬಹುಪಾಲು ಪತ್ರಗಳು ಡಿಎನ್‌ಎ ಬಾರ್‌ಕೋಡಿಂಗ್ ಬಗ್ಗೆ, ಅಂದರೆ ಡಿಎನ್‌ಎಯ ಒಂದು ಸಣ್ಣ ತುಂಡನ್ನು ಓದಿ ಜೀವಿಯನ್ನು ಗುರುತಿಸುವ ವಿಧಾನದ ಬಗ್ಗೆ ಕೇಳಿವೆ. ಆದ್ದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ. ಜೇಡ, ಜಿರಲೆಗಳ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ದಯವಿಟ್ಟು ಕಾಯಬೇಕು.

ಪ್ರಶ್ನೆ: ನಮ್ಮ ಕಾಲೇಜಿನ ಆವರಣದಲ್ಲಿ ವಿದ್ಯಾರ್ಥಿಗಳು ಇರುವೆಗಳ ಸಮೀಕ್ಷೆ ಮಾಡಿದ್ದಾರೆ. ಗೊದ್ದ, ಕೆಂಜಿಗದಂಥ ದೊಡ್ಡ ಇರುವೆಗಳನ್ನು ಗುರುತಿಸಿದ್ದಾಯಿತು. ಉಳಿದ ಸಣ್ಣ ಕಂದು ಇರುವೆಗಳಲ್ಲಿ ಫೈಡೋಲೆ ಕುಲದವೇ ಹಲವು ಬಗೆ ಇರುವಂತಿದೆ. ಗುರುತಿಸುವ ಕೀಲಿಯನ್ನು (ಲಕ್ಷಣಗಳನ್ನು ಒಂದೊಂದಾಗಿ ನೋಡುತ್ತ ಹೆಸರಿಗೆ ತಲುಪಿಸುವ ಪಟ್ಟಿ) ಹಿಡಿದು ಹೋದರೆ ಮೂವರು ಮೂರು ಹೆಸರು ಹೇಳುತ್ತಾರೆ. ಡಿಎನ್‌ಎ ಬಾರ್‌ಕೋಡಿಂಗ್ ಮಾಡಿಸಿದರೆ ಒಂದೇ ಏಟಿಗೆ ತೀರ್ಮಾನವಾಗುತ್ತದೆ ಎನ್ನುತ್ತಾರೆ. ಹೌದೇ ಮೇಡಂ?
— ಪ್ರಾಣಿಶಾಸ್ತ್ರ ಉಪನ್ಯಾಸಕಿ, ಮಲ್ಲೇಶ್ವರ

ಉತ್ತರ: ಗುಂಪು ಬೇರ್ಪಡಿಸುವುದಕ್ಕೆ ಹೌದು. ಹೆಸರು ಹೇಳುವುದಕ್ಕಾದರೆ, ಆ ಇರುವೆಯನ್ನು ಮೊದಲೇ ಯಾರೋ ಬಲ್ಲವರು ಸರಿಯಾಗಿ ಗುರುತಿಸಿ, ಅದರ ಡಿಎನ್‌ಎಯನ್ನೂ ಓದಿಸಿ ಇಟ್ಟಿದ್ದರೆ ಮಾತ್ರ ಹೌದು.

ಈ ವಿಧಾನವನ್ನು 2003ರಲ್ಲಿ ಮುಂದಿಟ್ಟವರು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಅವರ ಸಂಗಡಿಗರು. ಜೀವಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವದ ಒಂದು ಭಾಗವನ್ನು ತಯಾರಿಸುವ ವಂಶವಾಹಿ ಇದೆ. ಅದನ್ನು ಸಿಒಐ ಎಂದು ಕರೆಯುತ್ತೇವೆ. ಆ ವಂಶವಾಹಿಯ ಆರಂಭದ ಕಡೆಯ ಸುಮಾರು 658 ಅಕ್ಷರಗಳನ್ನು, ಅಂದರೆ ಡಿಎನ್‌ಎ ಸರಪಳಿಯ ಎ, ಟಿ, ಜಿ, ಸಿ ಎಂಬ ಘಟಕಗಳನ್ನು, ಓದಿ ಹೋಲಿಸಿದರೆ ಬಹಳಷ್ಟು ಪ್ರಾಣಿಪ್ರಭೇದಗಳನ್ನು ಬೇರ್ಪಡಿಸಬಹುದು ಎಂಬುದು ಅವರ ವಾದ. ಒಂದೊಂದು ಜೀವಕೋಶದಲ್ಲೂ ಮೈಟೋಕಾಂಡ್ರಿಯಾದ ಡಿಎನ್‌ಎಗೆ ಅನೇಕ ಪ್ರತಿಗಳಿರುವುದರಿಂದ ಎರಡು ಮಿಲಿಮೀಟರಿನ ಇರುವೆಯ ಒಂದೇ ಕಾಲಿನಿಂದಲೂ ಕೆಲಸ ನಡೆಯುತ್ತದೆ.

ಆ ಕಾಲನ್ನು ತೆಗೆಯುವ ಕ್ರಮವನ್ನು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಿ. ಸೂಕ್ಷ್ಮದರ್ಶಕದ ಕೆಳಗೆ ಇರುವೆಯನ್ನು ಮಗ್ಗುಲಾಗಿ ಮಲಗಿಸಿ, ತೆಳು ಮೊನೆಯ ಚಿಮುಟದಿಂದ ಬಲಗಡೆಯ ಹಿಂಗಾಲನ್ನು ಬುಡದಲ್ಲಿ ಹಿಡಿದು ಬಿಡಿಸಬೇಕು. ಎಡಗಡೆಯನ್ನು ಮುಟ್ಟಬಾರದು, ಮುಂದೆ ನೋಡುವವರಿಗೆ ಒಂದು ಮಗ್ಗುಲಾದರೂ ಊನವಿಲ್ಲದೆ ಸಿಗಬೇಕು. ಕಾಲನ್ನು ಕಿಣ್ವದ ದ್ರಾವಣದಲ್ಲಿ ಹಾಕಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಒಳಗಿನ ಮಾಂಸ ಕರಗಿ ಡಿಎನ್‌ಎ ಹೊರಬರುತ್ತದೆ. ಅದನ್ನು ಶುದ್ಧ ಮಾಡಿ, ಬೇಕಾದ ತುಂಡನ್ನಷ್ಟೇ ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ನಕಲು ಮಾಡುತ್ತಾರೆ. ನಕಲು ಎಲ್ಲಿಂದ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಗುರುತು ಹಾಕುವ ಪ್ರೈಮರ್ ಜೋಡಿಯೊಂದು 1994ರಲ್ಲಿ ಪ್ರಕಟವಾಯಿತು. ಇಂದಿಗೂ ಕೀಟಗಳ ಕೆಲಸದಲ್ಲಿ ಅದರ ಬಳಕೆ ವ್ಯಾಪಕವಾಗಿದೆ.

ಕಾಲು ಕಳೆದುಕೊಂಡ ಇರುವೆ ಮಾತ್ರ ಎಲ್ಲಿಗೂ ಹೋಗಕೂಡದು. ಸಣ್ಣ ತ್ರಿಕೋನಾಕಾರದ ದಪ್ಪ ಕಾಗದದ ಮೊನೆಗೆ ಒಂದಿಷ್ಟು ಅಂಟು ತಾಗಿಸಿ ಇರುವೆಯನ್ನು ಕೂರಿಸಿ, ಕಾಗದಕ್ಕೆ ಪಿನ್ನು ಚುಚ್ಚಿ, ಅದರ ಕೆಳಗೆ ಸ್ಥಳ, ದಿನಾಂಕ, ಹಿಡಿದವರ ಹೆಸರು, ಗೂಡಿನ ಸಂಖ್ಯೆಯ ಚೀಟಿ ಹಾಕಿ ಪೆಟ್ಟಿಗೆಯಲ್ಲಿ ಇಡಬೇಕು. ನನ್ನ ವಿದ್ಯಾರ್ಥಿಗಳಿಗೆ ಎಂದಿಗೂ ಸಡಿಲಿಸದ ನಿಯಮ ಇದೊಂದೇ. ದೇಹವನ್ನು ಎಸೆದು ಅಕ್ಷರಗಳನ್ನು ಮಾತ್ರ ಇಟ್ಟುಕೊಂಡರೆ, ನಾಳೆ ಹೆಸರಿನ ಬಗ್ಗೆ ಅನುಮಾನ ಬಂದಾಗ ಹಿಂದಿರುಗಿ ನೋಡಲು ಏನೂ ಇರುವುದಿಲ್ಲ.

ಒಂದೇ ಪ್ರಭೇದದ ಇರುವೆಗಳ ನಡುವೆ ಈ 658ರಲ್ಲಿ ಸಾಮಾನ್ಯವಾಗಿ ಕೆಲವೇ ಅಕ್ಷರಗಳು ಬೇರೆಯಾಗಿರುತ್ತವೆ. ಪ್ರಭೇದ ಬದಲಾದರೆ ವ್ಯತ್ಯಾಸ ಹಿಗ್ಗುತ್ತದೆ. ಶೇ 2 ಅಥವಾ 3ರ ಗಡಿಯನ್ನು ಹಲವರು ಬಳಸುತ್ತಾರೆ. ಶೇ 2 ಎಂದರೆ 13 ಅಕ್ಷರಗಳು. ಇದು ಕೆಲಸಕ್ಕೆ ಅನುಕೂಲವಾದ ಗಡಿ ಅಷ್ಟೇ, ಪ್ರಕೃತಿ ಎಳೆದ ಗೆರೆ ಎಂದು ಹಿಡಿಯಬೇಡಿ. ಮಡಗಾಸ್ಕರ್‌ನ ಇರುವೆಗಳ ಮೇಲೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಣ್ಣಿನಿಂದ ವಿಂಗಡಿಸಿದ ಗುಂಪುಗಳಿಗೂ ಬಾರ್‌ಕೋಡ್ ಮಾಡಿಕೊಟ್ಟ ಗುಂಪುಗಳಿಗೂ ಸಾಕಷ್ಟು ಹೊಂದಿಕೆ ಕಂಡಿತು. ವಿಧಾನದ ಮೇಲೆ ಭರವಸೆ ಹುಟ್ಟಲು ಅದೂ ಒಂದು ಕಾರಣ.

ಇನ್ನು ಹೆಸರಿನ ಮಾತು. ಅಂಗಡಿಯವರು ಸಾಬೂನಿನ ಮೇಲಿನ ಗೆರೆಗಳನ್ನು ಯಂತ್ರಕ್ಕೆ ಎಷ್ಟು ಸಲ ತೋರಿಸಿದರೂ, ಅವರ ಕಂಪ್ಯೂಟರಿನಲ್ಲಿ ಆ ಸಂಖ್ಯೆಯ ಎದುರು ಹೆಸರು, ಬೆಲೆ ತುಂಬಿಸಿಲ್ಲದಿದ್ದರೆ ಬಿಲ್ ಆಗುವುದಿಲ್ಲ. ಇಲ್ಲಿಯೂ ಹಾಗೆಯೇ. ಜಗತ್ತಿನ ಬಾರ್‌ಕೋಡ್‌ಗಳನ್ನು ಕೂಡಿಸಿಡುವ ಬೋಲ್ಡ್ ಎಂಬ ದತ್ತಾಂಶ ಸಂಗ್ರಹ ಗ್ವೆಲ್ಫ್‌ನಲ್ಲಿಯೇ ಇದೆ. ವಿಜ್ಞಾನ ಹೆಸರಿಟ್ಟಿರುವ ಇರುವೆಗಳು ಜಗತ್ತಿನಲ್ಲಿ 14,000ಕ್ಕೂ ಹೆಚ್ಚು, ಭಾರತದಲ್ಲಿ 800ಕ್ಕೂ ಹೆಚ್ಚು. ಅವುಗಳಲ್ಲಿ ಎಲ್ಲದಕ್ಕೂ ನಂಬಬಹುದಾದ ಬಾರ್‌ಕೋಡ್ ಇಲ್ಲ. ಫೈಡೋಲೆಯಂತೂ ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಕುಲ. ನೀವು ಕಳುಹಿಸಿದ ಮಾದರಿಗೆ ‘ಫೈಡೋಲೆ, ಪ್ರಭೇದ ಗೊತ್ತಿಲ್ಲ’ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಹೀಗಾಗಿ ಕಣ್ಣಿನ ಕೆಲಸವನ್ನು ಮೊದಲು ಮುಗಿಸಿ. ಮೀಸೆಯ ಗೆಣ್ಣು ಎಣಿಸಿ: ಫೈಡೋಲೆಯಲ್ಲಿ ಸಾಮಾನ್ಯವಾಗಿ 12, ತುದಿಯ ಮೂರು ಉಬ್ಬಿರುತ್ತವೆ, ಅದರೊಡನೆ ಗೊಂದಲ ಹುಟ್ಟಿಸುವ ಸೊಲೆನಾಪ್ಸಿಸ್‌ನಲ್ಲಿ 10, ತುದಿಯ ಎರಡು ಉಬ್ಬಿರುತ್ತವೆ. ಸೊಂಟದ ಗಂಟಿಗಿಂತ ಮುಂಚೆ, ಎದೆಯ ಹಿಂಬದಿಯಲ್ಲಿ ಜೋಡಿ ಮುಳ್ಳು ಇದೆಯೇ ನೋಡಿ. ಸೊಲೆನಾಪ್ಸಿಸ್‌ನಲ್ಲಿ ಆ ಮುಳ್ಳುಗಳಿರುವುದಿಲ್ಲ. ಫೈಡೋಲೆಯಲ್ಲಿ ಪ್ರಭೇದ ತಿಳಿಯಲು ದೊಡ್ಡ ತಲೆಯ ಸೈನಿಕರೇ ಬೇಕು, ಅವುಗಳ ತಲೆಯ ಮೇಲಿನ ಗೆರೆ, ಬಲೆಗಳಲ್ಲಿಯೇ ಗುರುತು ಇರುವುದು. ನಿಮ್ಮ ಮೂವರು ವಿದ್ಯಾರ್ಥಿಗಳು ಮೂರು ಹೆಸರು ಹೇಳಿದ್ದಕ್ಕೆ ಅವರು ಸಣ್ಣ ಕೆಲಸಗಾರರನ್ನಷ್ಟೇ ನೋಡಿದ್ದು ಕಾರಣವಿರಬಹುದು.

ಇನ್ನೊಂದು ಎಚ್ಚರಿಕೆ, ಇದು ಇರುವೆಗಳಂತೆ ಗೂಡುಕಟ್ಟಿ ಒಟ್ಟಾಗಿ ಬಾಳುವ ಕೀಟಗಳಿಗೆ ವಿಶೇಷವಾದದ್ದು. ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ಒಂದೇ ರಾಣಿಯಿರುವ ಗೂಡಿನಿಂದ ಹತ್ತು ಇರುವೆ ಹಿಡಿದು ಹತ್ತಕ್ಕೂ ಪರೀಕ್ಷೆ ಮಾಡಿಸಿದರೆ ಸಿಗುವುದು ಒಂದೇ ಬಾರ್‌ಕೋಡಿನ ಹತ್ತು ಪ್ರತಿ, ಹಣ ಮಾತ್ರ ಹತ್ತರಷ್ಟು ಖರ್ಚು. ಗೂಡಿಗೊಂದರಂತೆ, ದೂರ ದೂರದ ಗೂಡುಗಳಿಂದ ಆರಿಸಿ.

ಪ್ರಶ್ನೆ: ಎಂ.ಎಸ್ಸಿ. ಪ್ರಬಂಧಕ್ಕಾಗಿ ಬಾರ್‌ಕೋಡ್ ಮಾಡಿಸಿದ ಒಂದು ಇರುವೆ ಸಾರ್ವಜನಿಕ ದತ್ತಾಂಶದಲ್ಲಿ ಶೇ 99ರಷ್ಟು ಎರಡು ಬೇರೆ ಬೇರೆ ಹೆಸರುಗಳಿಗೆ ಹೊಂದುತ್ತಿದೆ. ಯಾವುದನ್ನು ಬರೆಯಲಿ?
— ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಉತ್ತರ: ಸದ್ಯಕ್ಕೆ ಎರಡನ್ನೂ ಬರೆಯಬೇಡಿ. ಶೇಕಡಾವಾರು ಸಂಖ್ಯೆಯ ಹಿಂದೆ ಯಾವ ಇರುವೆ ಇದೆ ಎಂದು ಹುಡುಕಿ. ಆ ಎರಡು ದಾಖಲೆಗಳಲ್ಲಿ ಮಾದರಿಯ ಫೋಟೊ ಇದೆಯೇ? ಎಲ್ಲಿ ಹಿಡಿದದ್ದು? ಗುರುತಿಸಿದವರು ಇರುವೆಗಳ ವರ್ಗೀಕರಣ ಬಲ್ಲವರೇ? ದೇಹ ಯಾವ ಸಂಗ್ರಹಾಲಯದಲ್ಲಿದೆ? ಜೀನ್‌ಬ್ಯಾಂಕ್‌ನಂಥ ತೆರೆದ ಸಂಗ್ರಹಕ್ಕೆ ಯಾರು ಬೇಕಾದರೂ ಅಕ್ಷರಸರಣಿಯನ್ನು ಸೇರಿಸಬಹುದು, ಹೆಸರು ಸೇರಿಸಿದವರು ಕೊಟ್ಟದ್ದೇ. ಒಬ್ಬರು ತಪ್ಪು ಹೆಸರು ಕೊಟ್ಟರೆ, ಆ ದಾಖಲೆಯನ್ನು ನಂಬಿದ ಮುಂದಿನವರು ತಮ್ಮ ಮಾದರಿಗೂ ಅದೇ ಹೆಸರಿಟ್ಟು ಸೇರಿಸುತ್ತಾರೆ. ನೋಡನೋಡುತ್ತ ತಪ್ಪಿಗೇ ಹತ್ತು ಸಾಕ್ಷಿಗಳು ಹುಟ್ಟಿಕೊಳ್ಳುತ್ತವೆ. ಇದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅರ್ಧ ಗಂಟೆ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದರೆ ತಪ್ಪಿಸಬಹುದಾಗಿದ್ದ ತಪ್ಪು ಅದು.

ಹೆಸರುಗಳೆರಡೂ ಸರಿಯಾಗಿದ್ದು, ಅಕ್ಷರಗಳೇ ಮೋಸ ಮಾಡುವುದೂ ಉಂಟು. ಹತ್ತಿರದ ಎರಡು ಪ್ರಭೇದಗಳು ಹಿಂದೆಂದೋ ಬೆರೆತಿದ್ದರೆ ಒಂದರ ಮೈಟೋಕಾಂಡ್ರಿಯಾ ಇನ್ನೊಂದರೊಳಗೆ ಉಳಿದುಬಿಡುತ್ತದೆ. ಇರುವೆಗಳಲ್ಲಿ ವ್ಯಾಪಕವಾಗಿರುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಕೂಡ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಅದು ಒಂದು ತಾಯಿಸಂತತಿಯನ್ನು ಹಬ್ಬಿಸಿದಾಗ ಆ ಸಂತತಿಯ ಮೈಟೋಕಾಂಡ್ರಿಯಾವೂ ಜೊತೆಯಲ್ಲಿ ಹಬ್ಬುತ್ತದೆ. ಮೂರನೆಯದು, ಮೈಟೋಕಾಂಡ್ರಿಯಾದ ತುಣುಕುಗಳು ಬಹಳ ಹಿಂದೆಯೇ ಕೋಶಕೇಂದ್ರದ ಡಿಎನ್‌ಎಯೊಳಗೆ ಸೇರಿಕೊಂಡಿರುವುದು. ಪ್ರೈಮರ್‌ಗಳು ಅಸಲಿಯ ಬದಲು ಈ ಹಳೆಯ ತುಣುಕನ್ನೇ ನಕಲು ಮಾಡಿಬಿಡಬಹುದು. ನಿಮ್ಮ ಸರಣಿಯನ್ನು ಪ್ರೋಟೀನಿಗೆ ಅನುವಾದಿಸಿ ನೋಡಿ: ಪ್ರೋಟೀನು ಇಲ್ಲಿಗೆ ಮುಗಿಯಿತು ಎನ್ನುವ ನಿಲುಗಡೆಯ ಸಂಕೇತ ನಡುವೆಯೇ ಬಂದರೆ, ಅಥವಾ ಒಂದೆರಡು ಅಕ್ಷರ ಬಿಟ್ಟುಹೋಗಿ ಓದುವ ಸಾಲು ಜರುಗಿದ್ದರೆ, ಅದು ಕೆಲಸ ಮಾಡುವ ವಂಶವಾಹಿಯಲ್ಲ.

ಇಷ್ಟಾದ ಮೇಲೂ ಗೊಂದಲ ಉಳಿದರೆ ಕೋಶಕೇಂದ್ರದ ಒಂದು ವಂಶವಾಹಿಯನ್ನೂ ಓದಿಸಿ. ಅದು ತಂದೆ ತಾಯಿ ಇಬ್ಬರ ಕಡೆಯ ಮಾತನ್ನೂ ಹೇಳುತ್ತದೆ. ಯೂರೋಪಿನ ಟೆಟ್ರಮೋರಿಯಂ ಸೀಸ್ಪಿಟಂ ಗುಂಪಿನ ಇರುವೆಗಳು ಕಣ್ಣಿಗೆ ಒಂದೇ ಎನ್ನುವಷ್ಟು ಹತ್ತಿರ. ಡಿಎನ್‌ಎ, ದೇಹದ ಸೂಕ್ಷ್ಮ ಅಳತೆ, ಗಂಡಿರುವೆಗಳ ಜನನಾಂಗ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ ಮೇಲೆಯೇ 2017ರಲ್ಲಿ ಅಲ್ಲಿ ಹತ್ತು ಪ್ರಭೇದಗಳಿವೆ ಎಂದು ತೀರ್ಮಾನಿಸಲು ಸಾಧ್ಯವಾಯಿತು. ನಿಮ್ಮ ಪ್ರಬಂಧದಲ್ಲಿ ‘ಇಂಥ ಹೆಸರಿಗೆ ಹತ್ತಿರದ್ದು’ ಎಂದು ಬರೆದು ಕಾರಣ ಕೊಡಿ. ಅದರಿಂದ ಅಂಕ ಕಡಿಮೆಯಾಗಬಾರದು. ಕಡಿಮೆ ಮಾಡುವ ಪರೀಕ್ಷಕರಿದ್ದರೆ ಈ ಅಂಕಣವನ್ನು ತೋರಿಸಿ.

ಪ್ರಶ್ನೆ: ಮಳೆ ನಿಂತ ಸಂಜೆ ನಮ್ಮ ಮನೆಯ ದೀಪಕ್ಕೆ ಕಣಜದಂಥ ಕಂದು ಹುಳುಗಳು ಬರುತ್ತವೆ. ಉದ್ದನೆಯ ದಪ್ಪ ಹೊಟ್ಟೆ, ಮೈಮೇಲೆ ರೋಮ. ಈಸಲು ಹುಳುವಿನಂತೆ ಕಾಣುವುದಿಲ್ಲ. ನೆರೆಯವರೊಬ್ಬರು ಇದು ಇರುವೆ ಎನ್ನುತ್ತಾರೆ. ನಂಬಲು ಆಗುತ್ತಿಲ್ಲ.
— ನಿವೃತ್ತ ಬ್ಯಾಂಕ್ ಉದ್ಯೋಗಿ, ಕೆಂಗೇರಿ

ಉತ್ತರ: ನಿಮ್ಮ ನೆರೆಯವರ ಮಾತು ಸರಿ. ಅದು ಡೊರೈಲಸ್ ಕುಲದ ಗಂಡಿರುವೆ. ಈಸಲು ಗೆದ್ದಲಿನದು, ಅದರ ನಾಲ್ಕು ರೆಕ್ಕೆಗಳೂ ಒಂದೇ ಉದ್ದ, ಮುಟ್ಟಿದರೆ ಕಳಚಿ ಬೀಳುತ್ತವೆ, ಸೊಂಟವೇ ಇರುವುದಿಲ್ಲ. ನಿಮ್ಮ ದೀಪಕ್ಕೆ ಬಂದದ್ದರ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು. ಎದೆಗೂ ಹೊಟ್ಟೆಗೂ ನಡುವೆ ಒಂದು ಗಂಟು ಕಾಣುತ್ತದೆ.

ನಂಬಲಾಗದಿದ್ದುದು ನಿಮಗೊಬ್ಬರಿಗೇ ಅಲ್ಲ. ಆಫ್ರಿಕದ ಇಂಥದೇ ಒಂದು ಗಂಡನ್ನು 1764ರಲ್ಲಿ, ಜೀವಿಗಳ ವರ್ಗೀಕರಣಕ್ಕೆ ಬುನಾದಿ ಹಾಕಿದ ಲಿನೇಯಸ್ ಕೂಡ ಕಣಜ ಎಂದೇ ಹೆಸರಿಸಿದ. ಇವುಗಳ ಕೆಲಸಗಾರ ಇರುವೆಗಳಿಗೆ ಕಣ್ಣಿಲ್ಲ, ಬದುಕೆಲ್ಲ ಮಣ್ಣಿನೊಳಗೆ. ರಾಣಿಗೆ ರೆಕ್ಕೆಯಿಲ್ಲ. ದೀಪಕ್ಕೆ ಬರುವುದು ಗಂಡು ಮಾತ್ರ. ತೋಟ ಅಗೆಯುವವರ ಕೈಗೆ ಕೆಲಸಗಾರರು ಸಿಗುತ್ತವೆ, ದೀಪದ ಕೆಳಗೆ ಗಂಡು ಸಿಗುತ್ತದೆ, ಎರಡನ್ನೂ ಒಂದೇ ಗೂಡಿನಲ್ಲಿ ಒಟ್ಟಿಗೆ ಕಂಡವರು ಬಹಳ ಕಡಿಮೆ. ಹಾಗಾಗಿ ಗಂಡಿಗೆ ಒಂದು ಹೆಸರು, ಕೆಲಸಗಾರ ಹೆಣ್ಣಿಗೆ ಇನ್ನೊಂದು ಹೆಸರು ಬಿದ್ದ ಪ್ರಸಂಗಗಳು ಈ ಗುಂಪಿನಲ್ಲಿ ಹಲವು.

ಬಾರ್‌ಕೋಡಿಂಗ್ ನನಗೆ ಅತ್ಯಂತ ಪ್ರಿಯವಾಗುವುದು ಇಲ್ಲಿ. ಗಂಡಿರುವೆ ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಆದರೂ ಅದರ ಮೈಟೋಕಾಂಡ್ರಿಯಾ ತಾಯಿಯದೇ, ಮಣ್ಣಿನೊಳಗಿನ ಅದರ ಅಕ್ಕತಂಗಿಯರದೂ ತಾಯಿಯದೇ. ಆಕಾರದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲವೆನ್ನಿಸುವ ಈ ಎರಡು ಜೀವಗಳ ಕಾಲುಗಳಿಂದ ಓದಿದ ಅಕ್ಷರಗಳು ಹೊಂದಿಬಂದರೆ, ಗೂಡು ಸಿಗದೆಯೇ ಇವು ಒಂದೇ ಬಳಗದವು ಎಂದು ಹೇಳಬಹುದು. ಯಾವ ಕೀಲಿಯೂ ಇದನ್ನು ಮಾಡಲಾರದು. ಮುಂದಿನ ಸಲ ಬಂದಾಗ ಒಂದನ್ನು ಬಟ್ಟಲಿನಿಂದ ಮುಚ್ಚಿ ಹಿಡಿದಿಡಿ. ಹೇಗೆ ಇಡಬೇಕೆಂದು ಕೊನೆಯ ಉತ್ತರದಲ್ಲಿದೆ. ಹೆದರಬೇಡಿ, ಗಂಡಿರುವೆಗೆ ಕೊಂಡಿ ಇರುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯ ಮೈದಾನದಲ್ಲಿ ಒಂದೇ ಸಾಲಿನಲ್ಲಿ ದೊಡ್ಡ ತಲೆಯ ಇರುವೆ, ಚಿಕ್ಕ ತಲೆಯ ಇರುವೆ ಎರಡೂ ಹೋಗುತ್ತವೆ. ಎರಡು ಜಾತಿಯ ಇರುವೆಗಳು ಸ್ನೇಹಿತರಾಗಿರುತ್ತವೆಯೇ?
— 6ನೇ ತರಗತಿ ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ಚೆನ್ನಾಗಿ ನೋಡಿದ್ದೀಯ ಮರಿ. ಅವೆರಡೂ ಒಂದೇ ತಾಯಿಯ ಮಕ್ಕಳು, ಇಬ್ಬರೂ ಹೆಣ್ಣು. ಫೈಡೋಲೆ ಇರುವೆಗಳಲ್ಲಿ ಮರಿಹುಳುವಿಗೆ ಸಿಗುವ ಆಹಾರ ಮತ್ತು ದೇಹದಲ್ಲಿನ ಹಾರ್ಮೋನುಗಳಿಂದಾಗಿ ಕೆಲವು ದೊಡ್ಡ ತಲೆಯ ಸೈನಿಕರಾಗುತ್ತವೆ, ಉಳಿದವು ಸಣ್ಣ ಕೆಲಸಗಾರರಾಗುತ್ತವೆ. ದೊಡ್ಡ ತಲೆಯ ತುಂಬ ದವಡೆ ಆಡಿಸುವ ಸ್ನಾಯು ಇರುತ್ತದೆ, ಅದರಿಂದ ಗಟ್ಟಿ ಬೀಜ ಒಡೆಯುತ್ತವೆ. ಎರಡರ ಬಾರ್‌ಕೋಡ್ ಓದಿಸಿದರೂ ಒಂದೇ ಬರುತ್ತದೆ. ಒಂದು ಅಕ್ಕಿನುಚ್ಚು ಹಾಕಿ, ಯಾವುದು ಮೊದಲು ಬರುತ್ತದೆ, ಯಾವುದನ್ನು ಆಮೇಲೆ ಕರೆತರುತ್ತವೆ ಎಂದು ನೋಡಿ ನನಗೆ ಬರೆ.

ಪ್ರಶ್ನೆ: ಅಡುಗೆಮನೆಯ ಕಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಇರುವೆಗಳು. ಸ್ಪ್ರೇ ಹೊಡೆದಷ್ಟೂ ಹೆಚ್ಚುತ್ತಿವೆ. ಯಾವ ಇರುವೆ ಎಂದು ತಿಳಿಯಲು ಇವಕ್ಕೂ ಡಿಎನ್‌ಎ ಪರೀಕ್ಷೆ ಮಾಡಿಸಬೇಕೇ?
— ಗೃಹಿಣಿ, ವಿಜಯನಗರ

ಉತ್ತರ: ಬೇಡಮ್ಮ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಸಾಕು. ತಲೆ ಕಪ್ಪಾಗಿ, ಹೊಟ್ಟೆ ಮತ್ತು ಕಾಲುಗಳು ಬೆಳ್ಳಗೆ ಪಾರದರ್ಶಕವಾಗಿದ್ದರೆ ಅದು ಟಾಪಿನೋಮಾ. ಮೈಯೆಲ್ಲ ಹಳದಿಗೆಂಪಾಗಿ, ಸೊಂಟದಲ್ಲಿ ಎರಡು ಗಂಟು ಕಂಡರೆ ಫೇರೋ ಇರುವೆ ಇರಬಹುದು. ಎರಡರಲ್ಲೂ ಒಂದು ಗೂಡಿಗೆ ಹಲವು ರಾಣಿಯರು. ಮುಖ್ಯವಾಗಿ ಫೇರೋ ಇರುವೆಗೆ ಸ್ಪ್ರೇ ಹೊಡೆದರೆ ಗೂಡು ಒಡೆದು, ರಾಣಿಯರು ಒಂದಷ್ಟು ಕೆಲಸಗಾರರೊಡನೆ ಬೇರೆ ಬೇರೆ ಸಂದಿಗಳಿಗೆ ಹೋಗಿ ಹೊಸ ಸಂಸಾರ ಹೂಡುತ್ತಾರೆ. ನಿಮ್ಮಲ್ಲಿ ನಡೆದಿರುವುದು ಇದೇ ಇರಬೇಕು. ಸ್ಪ್ರೇ ನಿಲ್ಲಿಸಿ. ನಿಧಾನವಾಗಿ ಕೆಲಸ ಮಾಡುವ ಜೆಲ್ ರೂಪದ ಆಮಿಷ ಸಿಗುತ್ತದೆ, ಕೆಲಸಗಾರರು ಅದನ್ನು ಗೂಡಿನವರೆಗೆ ಒಯ್ದು ರಾಣಿಗೂ ತಿನ್ನಿಸುತ್ತವೆ. ಮಕ್ಕಳ ಕೈಗೆ ಸಿಗದಂತೆ ಇಡಿ.

ಪ್ರಶ್ನೆ: ಬಾರ್‌ಕೋಡ್ ಯಾವುದಕ್ಕೂ ಹೊಂದದಿದ್ದರೆ ಹೊಸ ಪ್ರಭೇದ ಸಿಕ್ಕಿದೆ ಎಂದು ಪತ್ರಿಕೆಗಳಿಗೆ ಹೇಳಬಹುದೇ? ತುರಹಳ್ಳಿ ಕಡೆ ಸುತ್ತಾಡುವ ನಮ್ಮ ನಿಸರ್ಗಪ್ರಿಯರ ಬಳಗಕ್ಕೆ ಮಾದರಿ ಸಂಗ್ರಹಿಸುವ ಆಸೆ. ಹೇಗೆ ಇಟ್ಟುಕೊಳ್ಳಬೇಕು, ಎಲ್ಲಿ ಕೊಡಬೇಕು?
— ಸಾಫ್ಟ್‌ವೇರ್ ಎಂಜಿನಿಯರ್, ಬನಶಂಕರಿ

ಉತ್ತರ: ಹೇಳಬಾರದು. ಹೊಂದಲಿಲ್ಲ ಎಂದರೆ ಬಹುಪಾಲು ಸಲ ಆ ಪ್ರಭೇದದ ಅಕ್ಷರಗಳನ್ನು ಯಾರೂ ಇನ್ನೂ ಸೇರಿಸಿಲ್ಲ ಎಂದಷ್ಟೇ ಅರ್ಥ. ನೂರು ವರ್ಷಗಳ ಹಿಂದೆಯೇ ಹೆಸರು ಪಡೆದು ಯಾವುದೋ ಸಂಗ್ರಹಾಲಯದ ಪೆಟ್ಟಿಗೆಯಲ್ಲಿರುವ ಇರುವೆಯೂ ಅದಾಗಿರಬಹುದು. ಆ ಮೂಲ ಮಾದರಿಗಳೊಡನೆ, ಹಳೆಯ ವಿವರಣೆಗಳೊಡನೆ ಹೋಲಿಸಿ, ಏಕೆ ಬೇರೆ ಎಂದು ಅಂಗ ಅಂಗವಾಗಿ ಬರೆದು ಪ್ರಕಟಿಸಿದ ಮೇಲೆಯೇ ಹೊಸ ಪ್ರಭೇದ. ನಮ್ಮ ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯ ಮರದ ಪೊಟರೆಯೊಂದರಲ್ಲಿ ಕಂಡ, ಎರಡು ಮಿಲಿಮೀಟರಿಗಿಂತಲೂ ಚಿಕ್ಕದಾದ ನೀಲಿ ಇರುವೆಯನ್ನು 2024ರಲ್ಲಿ ಪಾರಾಪಾರಾಟ್ರೆಕಿನಾ ನೀಲಾ ಎಂದು ಹೆಸರಿಸಿದರು. ಕಣ್ಣಿಗೆ ಹೊಡೆಯುವಂಥ ಬಣ್ಣವಿದ್ದ ಅದಕ್ಕೂ ತಲೆ, ಎದೆ, ರೋಮಗಳ ವಿವರ ಬರೆಯದೆ ಹೆಸರು ದಕ್ಕಲಿಲ್ಲ.

ಸಂಗ್ರಹಕ್ಕೆ ಇಳಿಯುವ ಮುನ್ನ ಅನುಮತಿ. ತುರಹಳ್ಳಿ ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ. ಬನ್ನೇರುಘಟ್ಟದಂಥ ರಾಷ್ಟ್ರೀಯ ಉದ್ಯಾನದಲ್ಲಿ ನಿಯಮ ಇನ್ನೂ ಬಿಗಿ. ಮಾದರಿಗಳನ್ನು ಹೊರದೇಶದ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳುಹಿಸುವ ಯೋಚನೆ ಬೇಡ, ಅದಕ್ಕೆ 2002ರ ಜೈವಿಕ ವೈವಿಧ್ಯ ಕಾಯಿದೆಯ ಕಟ್ಟುಪಾಡುಗಳಿವೆ. ನಿಮ್ಮ ಸ್ವಂತ ಹಿತ್ತಿಲು, ತಾರಸಿಯ ಕುಂಡಗಳಿಂದ ಶುರುಮಾಡಿ. ಅಲ್ಲಿಯ ಇರುವೆಗಳೇ ಮೊದಲ ವರ್ಷಕ್ಕೆ ಸಾಕಷ್ಟಾಗುತ್ತವೆ.

ಸಣ್ಣ ಸೀಸೆಯಲ್ಲಿ ಶೇ 95ಕ್ಕಿಂತ ಹೆಚ್ಚು ಸಾಂದ್ರತೆಯ ಎಥನಾಲ್ ಹಾಕಿ ಇರುವೆಯನ್ನು ಅದರಲ್ಲಿ ಬಿಡಿ. ಫಾರ್ಮಲಿನ್ ಬೇಡವೇ ಬೇಡ, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ಎಥನಾಲ್ ಸಿಗದಿದ್ದರೆ ಒಣ ಸೀಸೆಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಒಂದು ಸೀಸೆಗೆ ಒಂದೇ ಗೂಡು. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಿ, ಬಾಲ್‌ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ. ಮಣ್ಣಿನ ಗೂಡೋ, ಮರದ ತೊಗಟೆಯೋ, ಯಾವ ಹೊತ್ತಿನಲ್ಲಿ ಓಡಾಡುತ್ತಿತ್ತು, ಏನು ತಿನ್ನುತ್ತಿತ್ತು, ಬದುಕಿದ್ದಾಗಿನ ಬಣ್ಣ ಹೇಗಿತ್ತು ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ. ಇವು ಯಾವುವೂ 658 ಅಕ್ಷರಗಳಲ್ಲಿ ಇರುವುದಿಲ್ಲ.

ಕೊಡುವುದಕ್ಕೆ ನಮ್ಮ ಊರಿನಷ್ಟು ಅನುಕೂಲ ದೇಶದಲ್ಲಿ ಕಡಿಮೆ ಕಡೆ ಇದೆ. ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ, ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗವಿದೆ, ಏಟ್ರೀ ಇದೆ. ಸೀಸೆಗಳ ಪಟ್ಟಿ ಮತ್ತು ಫೋಟೊಗಳೊಂದಿಗೆ ಮೊದಲು ಪತ್ರ ಬರೆಯಿರಿ, ಅವರಿಗೆ ಬೇಕಾದದ್ದನ್ನು ಅವರು ಕೇಳುತ್ತಾರೆ. ನಿಮ್ಮ ಬಳಗದಲ್ಲಿ ಒಬ್ಬರಾದರೂ ಮೀಸೆಯ ಗೆಣ್ಣು ಎಣಿಸುವುದನ್ನು ಕಲಿಯಲು ಒಪ್ಪಿದರೆ ನನಗೂ ಒಂದು ಕಾಗದ ಹಾಕಿ. ಪಾಠ ಹೇಳಿಕೊಡಲು ನಾನು ಸಿದ್ಧಳಿದ್ದೇನೆ, ಸೂಕ್ಷ್ಮದರ್ಶಕವೂ ಇದೆ.